ಲಾಂಛನ ಇರೋ ಹಳೇ ಪಿಂಗಾಣಿ ತಟ್ಟೆ, 18 ಸಾವಿರ ಕೊಡಬಹುದಾ?

ದಾವಣಗೆರೆಯವ:
ನಮಸ್ಕಾರ, ಮಂಡಿಪೇಟೆ ಕಡೆ ಹಳೇ ಸಾಮಾನು ಮಾರೋರ ಹತ್ರ ಒಂದು ಪಿಂಗಾಣಿ ತಟ್ಟೆ ನೋಡ್ದೆ. ನಡುವೆ ಗುರಾಣಿ, ಮೇಲೆ ಸಿಂಹದ ತಲೆ, ಕೆಳಗೆ ರಿಬ್ಬನ್ ಥರ ಪಟ್ಟೀಲಿ ಏನೋ ಇಂಗ್ಲಿಷ್ ಅಕ್ಷರ, ಓದಿದ್ರೆ ಅರ್ಥಾನೇ ಆಗಲ್ಲ. ಯಜಮಾನ್ರು ಇದು ಯಾವ್ದೋ ದೊರೆ ಮನೆತನದವ್ರು ಚೀನಾದಲ್ಲಿ ಮಾಡಿಸಿದ್ದು, 300 ವರ್ಷ ಹಳೇದು ಅಂತಾರೆ. ಬಿಳಿಯರ ಮನೆ ಗುರುತನ್ನ ಚೀನಾದವ್ರು ಯಾಕ್ರೀ ಬರೀತಾರೆ, ನಂಗ್ಯಾಕೋ ಕಾಗೆ ಹಾರಿಸ್ತಿದಾರೆ ಅನ್ಸುತ್ತೆ.

ಮಿರ್ಚಿಮಂಡಕ್ಕಿ:
18 ಸಾವಿರದ ತಟ್ಟೇಲಿ ಉಣ್ಣೋದೇನ್ ಗುರು, ಗೋಡೆಗೆ ನೇತಾಕ್ತೀಯಾ? 😂

ದುರ್ಗದ ಹುಡುಗ:
ಕಾಗೆ ಅಲ್ಲ ಅಣ್ಣಾ, ನಡೆದಿದ್ದೇ. ಯುರೋಪಿನವ್ರಿಗೆ ಗಟ್ಟಿ ಪಿಂಗಾಣಿ ಮಾಡೋದು ಗೊತ್ತಾಗಿದ್ದೇ 1708ರ ಸುಮಾರಿಗೆ, ಜರ್ಮನಿಯ ಮೈಸನ್ನಲ್ಲಿ ಕಾರ್ಖಾನೆ ಶುರುವಾಗಿದ್ದು 1710ರಲ್ಲಿ, ಅಲ್ಲೀವರ್ಗೂ ಚೀನಾನೇ ಗತಿ. ಮೈಸೂರು ಅರಸರಿಗೆ ಗಂಡಭೇರುಂಡ ಇದ್ದಂಗೆ ಅಲ್ಲಿ ದೊಡ್ಡ ಮನೆತನಕ್ಕೊಂದು ಲಾಂಛನ, ಅದ್ರ ಚಿತ್ರಾನ ಈಸ್ಟ್ ಇಂಡಿಯಾ ಕಂಪನಿ ಹಡಗಿನವ್ರ ಕೈಲಿ ಚೀನಾದ ಕ್ಯಾಂಟನ್ ಬಂದರಿಗೆ ಕಳಿಸೋರು. ಪಿಂಗಾಣಿ ಮಾಡೋ ಊರು ಜಿಂಗ್‌ಡೆಜೆನ್‌ನಲ್ಲಿ ಸುಟ್ಟ ಬಿಳಿ ತಟ್ಟೆ ಕ್ಯಾಂಟನ್‌ಗೆ ಬಂದು, ಅಲ್ಲಿ ಬಣ್ಣ ಬರ್ಸ್ಕೊಂಡು ಇನ್ನೊಂದ್ಸಲ ಕಮ್ಮಿ ಕಾವಲ್ಲಿ ಬೇಯೋದು. ಬರೆಯೋರಿಗೆ ಆ ಲಿಪಿ ಬರ್ತಿರ್ಲಿಲ್ಲ, ಕಂಡಂಗೆ ತಿದ್ದೋರು. ಇಲ್ಲಿ ಕೆಂಪು, ಇಲ್ಲಿ ನೀಲಿ ಅಂತ ಚಿತ್ರದಲ್ಲಿ ಗುರುತು ಹಾಕಿ ಕಳಿಸಿದ್ರೆ ಆ ಅಕ್ಷರಾನೂ ಸೇರ್ಸಿ ತಟ್ಟೆ ಮೇಲೆ ಬರೆದು ಕಳಿಸ್ತಿದ್ರಂತೆ!

ಆದ್ರೆ ಕಥೆ ನಿಜ ಅಂತ ತಟ್ಟೇನೂ ನಿಜ ಆಗ್ಬೇಕಂತಿಲ್ಲ. ತಿರುವಿ ಹಾಕಿ ನೋಡಿ. ತಳದಲ್ಲಿ ತಟ್ಟೆ ಕೂರೋ ಉಬ್ಬು ಬಳೆ ಇರುತ್ತಲ್ಲ, ಅದ್ರ ಮೇಲೆ ಹೊಳಪು ಇರಬಾರ್ದು, ಉಗುರು ಆಡ್ಸಿದ್ರೆ ತರಿ ತರಿ ಸಿಗ್ಬೇಕು, ಅಂಚಲ್ಲಿ ಸ್ವಲ್ಪ ಕಿತ್ತಳೆ ಛಾಯೆ ಇದ್ರೂ ಇರುತ್ತೆ. ಅಕ್ಕಸಾಲಿಗರು ಕಣ್ಣಿಗೆ ಇಟ್ಕೊಳ್ಳೋ ಲೆನ್ಸ್ ಇಸ್ಕೊಂಡು ಬಣ್ಣ ನೋಡಿ, ಚುಕ್ಕಿ ಚುಕ್ಕಿ ಕಂಡ್ರೆ ಪ್ರಿಂಟು, ಅಲ್ಲಿಗೆ ಮುಗೀತು.

ದಾವಣಗೆರೆಯವ:
ಹೋಗಿದ್ದೆ. ಚುಕ್ಕಿ ಇಲ್ಲ, ಕುಂಚದ್ದೇ, ಬಣ್ಣದ ಉಬ್ಬು ಕೈಗೆ ತಗುಲುತ್ತೆ. ಬಳೆ ಒರಟಾಗೇ ಇದೆ. ಬಿಳುಪು ಮಾತ್ರ ಯಾಕೋ ಬೂದು, ಕೆಳಗೆ ಕೆಂಪು ಮಸೀಲಿ ಚೀನೀ ಮುದ್ರೆ ಥರ ಚೌಕ ಇದೆ. ಅದನ್ನೇ ತೋರ್ಸಿ ನೋಡಿ ಸಾಕ್ಷಿ ಅಂದ್ರು.

ದುರ್ಗದ ಹುಡುಗ:
ಆ ಚೌಕಾನೇ ನಂಗೆ ಅನುಮಾನ. ಲಾಂಛನದ ಅಸಲಿ ತಟ್ಟೆಗಳಿಗೆ ಸಾಮಾನ್ಯವಾಗಿ ಕೆಳಗೆ ಗುರುತೇ ಇರಲ್ಲ. ಪ್ಯಾರಿಸ್‌ನಲ್ಲಿ ಸ್ಯಾಮ್ಸನ್ ಅಂತ ಒಂದು ಕಂಪನಿ, 1845ರಲ್ಲಿ ಶುರುವಾಗಿದ್ದು, ಇಂಥವನ್ನೇ ನಕಲು ಮಾಡೋದು, ಚೀನೀ ಅನ್ನಿಸೋ ಕೆಂಪು ಮುದ್ರೆ ಅವ್ರದ್ದೇ ಚಾಳಿ. ಬೂದು ಬಿಳುಪೂ ಅದಕ್ಕೇ ಹೊಂದುತ್ತೆ. ನಕಲಾದ್ರೂ ಕೈಕೆಲಸ ಚೆನ್ನಾಗಿರುತ್ತೆ, ಸಂಗ್ರಹ ಮಾಡೋರೂ ಇದಾರೆ, ಆದ್ರೆ 300 ವರ್ಷದ ರೇಟು ಕೊಡಬೇಡಿ.

ವಕೀಲ್ ಸಾಹೇಬ್ರು:
ಒಂದ್ಮಾತು. 100 ವರ್ಷ ದಾಟಿದ ಕಲಾವಸ್ತು ಆದ್ರೆ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಖಾಸಗಿಯವ್ರು ದೇಶದಾಚೆ ಕಳಿಸೋ ಹಂಗಿಲ್ಲ. ಫಾರಿನ್ನಿಗೆ ಮಾರಿ ದುಡ್ಡು ಮಾಡೋ ಲೆಕ್ಕ ಇದ್ರೆ ಬಿಟ್ಬಿಡಿ.

ದಾವಣಗೆರೆಯವ:
ಇಲ್ಲಾ ಸಾರ್, ಮನೇಲಿಡೋಕೆ. ಆ ಮುದ್ರೆ ತೋರ್ಸಿ 4 ಸಾವಿರಕ್ಕೆ ಕೇಳ್ತೀನಿ, ಒಪ್ಪಿದ್ರೆ ಫೋಟೋ ಹಾಕ್ತೀನಿ.