ಎಲ್ಲರಿಗೂ ಒಂದೇ ಗಂಜಿ, ಒಂದೇ ಕಪ್ಪು ಬಟ್ಟೆ: ಇದು ನ್ಯಾಯವಾ?

ಪುಸ್ತಕದಹುಳ:
ಕಾಂಬೋಡಿಯಾವನ್ನು ಆಳಿದ ಖಮೇರ್ ರೂಜ್ ಎಂಬ ಕಮ್ಯುನಿಸ್ಟರ ಕಾಲದ ಬಗ್ಗೆ ಓದುತ್ತಿದ್ದೇನೆ. 1975ರ ಏಪ್ರಿಲ್ 17ಕ್ಕೆ ರಾಜಧಾನಿ ನಾಮ್ ಪೆನ್‌ಗೆ ನುಗ್ಗಿದವರು ಕೆಲವೇ ದಿನಗಳಲ್ಲಿ ಇಡೀ ಊರು ಖಾಲಿ ಮಾಡಿಸಿದರು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ದುಡ್ಡು, ಸಂತೆ, ಶಾಲೆ ಎಲ್ಲ ಬಂದ್. ಡಾಕ್ಟರಾಗಲಿ ಗುಮಾಸ್ತನಾಗಲಿ, ಕಪ್ಪು ಬಟ್ಟೆ ಹಾಕಿ ಗದ್ದೆಗೆ ಇಳಿಯಬೇಕು. ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಊಟ ಒಟ್ಟಿಗೇ.
ಸತ್ತವರು 15ರಿಂದ 20 ಲಕ್ಷ ಅನ್ನುತ್ತಾರೆ. ಅದನ್ನು ಸಮರ್ಥಿಸುತ್ತಿಲ್ಲ. ಆದರೆ ಕೊಲೆಗಳೇ ನಡೆಯದಿದ್ದರೆ? ಯಾರಿಗೂ ಜಾಸ್ತಿ ಇಲ್ಲ, ಯಾರಿಗೂ ಕಮ್ಮಿ ಇಲ್ಲ ಅನ್ನುವುದು ಒತ್ತಾಯದಿಂದ ಬಂದರೂ ನ್ಯಾಯವೇ ಅಲ್ವಾ?

ಗಡಿಬಿಡಿ:
ಕೊಲೆ ಇಲ್ಲದಿದ್ದರೆ ಆ ಗದ್ದೆಗೆ ಯಾರು ಇಳಿಯುತ್ತಿದ್ದರು ಸ್ವಾಮಿ?

ಹಳೇವಾರ್ಡನ್:
ತಮ್ಮಾ, ನಾನು ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡವಳು. ಸಾಲಿನಲ್ಲಿ ಕೂತವರಿಗೆಲ್ಲ ಒಂದೇ ಅಳತೆ ಅಂತ ಬೋರ್ಡ್ ಬರೆಸಬಹುದು. ಸೌಟು ಹಿಡಿದವಳು ಎಲ್ಲಿ, ಯಾವಾಗ ಊಟ ಮಾಡುತ್ತಾಳೆ ಅಂತ ಮೊದಲು ನೋಡಬೇಕು.
ಕಾಂಬೋಡಿಯಾದಲ್ಲಿ ಪಟ್ಟಣದಿಂದ ಅಟ್ಟಿಸಿಕೊಂಡವರಿಗೆ ‘ಹೊಸ ಜನ’ ಅನ್ನುವ ಹೆಸರಿತ್ತು. ಹಳ್ಳಿಯವರು ‘ಹಳೇ ಜನ’. ಹೊಸಬರನ್ನು ಸಮಾನರು ಅಂತ ಯಾರೂ ನೋಡಲಿಲ್ಲ. ಎಷ್ಟೋ ಕಡೆ ಇವರಿಗೆ ನೀರುಗಂಜಿ, ಮೇಲ್ವಿಚಾರಣೆಯವರಿಗೆ ಅನ್ನ. ಹಸಿವು ತಡೆಯದೆ ಗೆಡ್ಡೆಯೋ ಏಡಿಯೋ ಹಿಡಿದು ತಿಂದರೆ ಅದೂ ಕಳ್ಳತನ. ಎಲ್ಲರ ಪಾಲೂ ಒಂದೇ ಇರಬೇಕಾದರೆ ಹಗಲೂ ರಾತ್ರಿ ಕಾಯುವವನು ಬೇಕು, ಕಾಯುವವನ ಕೈಯಲ್ಲಿ ಶಿಕ್ಷೆ ಇರಬೇಕು. ಅದಕ್ಕೇ ನಿಮ್ಮ ‘ಕೊಲೆ ಇಲ್ಲದಿದ್ದರೆ’ ನನಗೆ ಒಪ್ಪಿಗೆಯಾಗುವುದಿಲ್ಲ.
ಇನ್ನೊಂದು. ಓದಿದವರನ್ನೆಲ್ಲ ಅನುಮಾನದಿಂದ ನೋಡಿದ ಖಮೇರ್ ರೂಜ್ ನಾಯಕ ಪೋಲ್ ಪಾಟ್ ಸ್ವತಃ ಪ್ಯಾರಿಸ್‌ಗೆ ಓದಲು ಹೋಗಿದ್ದವನು. ಅವನ ಜೊತೆಗಾರ ಖಿಯೂ ಸಂಫಾನ್ ಅಲ್ಲೇ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು! ಅವರ ಓದನ್ನು ಯಾರು ಕಿತ್ತುಕೊಂಡರು?

ಗದ್ದೆಮನೆ:
ಮೇಡಂ, ಒತ್ತಾಯ ಅಂದ ಕೂಡಲೇ ಅನ್ಯಾಯ ಅನ್ನಬೇಡಿ. ನಮ್ಮಲ್ಲೇ 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದು ಅಂತಾಯಿತು. ದೇವರಾಜ ಅರಸರ ಕಾಲ. ಧಣಿಗಳು ಖುಷಿಯಿಂದ ಕೊಟ್ಟರಾ? ನಮ್ಮ ಅಜ್ಜ ಡಿಕ್ಲರೇಶನ್ (ಉಳುತ್ತಿದ್ದ ಗೇಣಿ ಜಮೀನು ತನ್ನ ಹೆಸರಿಗೆ ಮಾಡಿಕೊಡಿ ಅನ್ನುವ ಅರ್ಜಿ) ಹಾಕಿದ್ದಕ್ಕೇ ನಾವು ಶಾಲೆಗೆ ಹೋದೆವು.

ಹಳೇವಾರ್ಡನ್:
ಒಪ್ಪಿದೆ. ಅದೂ ಒತ್ತಾಯವೇ, ನನ್ನ ಪ್ರಕಾರ ಬೇಕಾಗಿದ್ದ ಒತ್ತಾಯ. ಆದರೂ ಅದರಲ್ಲಿ ನೋವಿಲ್ಲ ಅನ್ನಬೇಡಿ. ಚೂರುಪಾರು ಜಮೀನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಕಳೆದುಕೊಂಡರು. ಅವರಿಗೆ ಸಿಕ್ಕ ಪರಿಹಾರ ಯಾವ ಮೂಲೆಗೂ ಸಾಲದು. ಆದರೆ ಭೂನ್ಯಾಯಮಂಡಳಿ ಮುಂದೆ ಎರಡೂ ಕಡೆಯವರು ಮಾತಾಡಬಹುದಿತ್ತು. ಅಲ್ಲಿ ಸೋತವರು ಹೈಕೋರ್ಟಿಗೂ ಹೋದರು. ಜಮೀನು ಸಿಕ್ಕ ಮೇಲೆ ನಿಮ್ಮಜ್ಜ ಏನು ಬೆಳೆದರು, ರಾತ್ರಿ ಏನು ಉಂಡರು ಅಂತ ಯಾರೂ ಬಂದು ಇಣುಕಲಿಲ್ಲ.

ಪುಸ್ತಕದಹುಳ:
ಅಂದರೆ ದೂರು ಕೊಡಲು ಜಾಗ ಇದ್ದರೆ ಒತ್ತಾಯ ಸರಿಯಾ? ಸುಮ್ನೆ ವಾದಕ್ಕೆ ಕೇಳುತ್ತಿಲ್ಲ.

ಹಳೇವಾರ್ಡನ್:
ಅಷ್ಟೇ ಸಾಲದು. ಆದರೆ ಅದೂ ಇಲ್ಲದ ಕಡೆ ನ್ಯಾಯದ ಮಾತೇ ಬೇಡ. ನಾಮ್ ಪೆನ್‌ನ ಒಂದು ಹೈಸ್ಕೂಲನ್ನು ತುವೋಲ್ ಸ್ಲೆಂಗ್ ಜೈಲು ಮಾಡಿದರು. ಅದನ್ನು ನೋಡಿಕೊಳ್ಳುತ್ತಿದ್ದವನು ಹಿಂದೆ ಲೆಕ್ಕದ ಮೇಷ್ಟ್ರು. ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸುತ್ತಿದ್ದರು. ಅಲ್ಲಿಗೆ ಹೋದವರಲ್ಲಿ ಖಮೇರ್ ರೂಜ್‌ನವರೇ ಬಹಳ ಜನ.