ಗುಲಾಬಿ ಟಬ್: ಒಡೆಯುವುದಾ, ಕೋಟಿಂಗ್ ಹೊಡೆಸುವುದಾ?

ಬದಿಯಡ್ಕದವ: ಅಪ್ಪ ಗಲ್ಫ್‌ನಲ್ಲಿದ್ದಾಗ, 1986ರಲ್ಲಿ ಕಟ್ಟಿಸಿದ ಮನೆ ನಮ್ಮದು. ಬಾತ್‌ರೂಮಿನಲ್ಲಿ ಗೋಡೆಗೆ ಸೇರಿಸಿ ಕೂರಿಸಿದ ಗುಲಾಬಿ ಟಬ್. ತಳ ಪೂರಾ ಕಂದಾಗಿದೆ. ಒಡೆದು ಹೊಸತು ಹಾಕುವ ಅಂತಾರೆ ಮೇಸ್ತ್ರಿ. ಮೇಲಿಂದ ಎಪಾಕ್ಸಿ ಬಣ್ಣದ ಕೋಟಿಂಗ್ ಸಾಕು ಅಂತಾನೆ ತಮ್ಮ. ಯಾರಾದರೂ ಮಾಡಿಸಿದ್ದೀರಾ?

ಉಪ್ಪಳದ ಅಕ್ಕ: ನಾವು ಒಡೆಸಿದೆವು, ಈಗಲೂ ಬೇಜಾರುಂಟು. ಮುರಕಲ್ಲಿನ ಗೋಡೆ. ಟೈಲ್ಸ್ ಎಬ್ಬಿಸಿದರೆ ಕಲ್ಲೂ ಚೂರು ಚೂರಾಗಿ ಬಂತು. ಟಬ್ ಬೀಡು ಕಬ್ಬಿಣದ್ದು. ನಾಲ್ಕು ಜನ ಹಿಡಿದರೂ ಬಾಗಿಲು ದಾಟಲಿಲ್ಲ. ಒಳಗೇ ಸುತ್ತಿಗೆಯಲ್ಲಿ ಒಡೆದು ಹೊರಗೆ ಹಾಕಿದರು. ಎರಡು ದಿನದ ಕೆಲಸಕ್ಕೆ ಹದಿನೈದು ದಿನ!

ಮುಳ್ಳೇರಿಯ ಮಾವ: ಆದರೂ ಬಣ್ಣ ಬಣ್ಣವೇ ಮಾರಾಯ್ರೇ. ಟಬ್ಬಿನ ಮೇಲಿನ ಎನಾಮಲ್ ಅಂದರೆ ಗಾಜಿನ ಪುಡಿಯನ್ನು ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಕಬ್ಬಿಣಕ್ಕೆ ಹಿಡಿಸಿದ್ದು. ಆ ಗಟ್ಟಿ ಎಪಾಕ್ಸಿಗೆ ಎಲ್ಲಿಂದ ಬರಬೇಕು? ನಾನು ಆಟಿ ತಿಂಗಳ ಮಳೆಗಾಲದಲ್ಲಿ ಹೊಡೆಸಿದ್ದೆ. ದೀಪಾವಳಿಗೆ ಹಪ್ಪಳದ ಹಾಗೆ ಎದ್ದಿತ್ತು.

ಕುಂಬಳೆ ಪೇಂಟರ್: ಮಾವ, ಆಟಿಯ ಮಳೆಯಲ್ಲಿ ಗೋಡೆಯೇ ಬೆವರುತ್ತದೆ, ಬಣ್ಣ ಹಿಡಿಯುವುದು ಹೇಗೆ? ಡಿಸೆಂಬರ್ ನಂತರ ಮಾಡಿಸಬೇಕು. ನಲ್ಲಿ ತೊಟ್ಟಿಕ್ಕುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಸೋಪಿನ ಜಿಡ್ಡು ಪೂರಾ ತೆಗೆದು, ಉಜ್ಜು ಕಾಗದದಲ್ಲಿ ತಿಕ್ಕಿ, ಪುಟ್ಟಿ, ಪ್ರೈಮರ್, ಆಮೇಲೆ ಹಾರ್ಡ್‌ನರ್ ಬೆರೆಸಿದ ಬಣ್ಣ. ಎರಡು ಮೂರು ದಿನ ಒಂದು ಹನಿ ನೀರೂ ತಾಗಬಾರದು. ತಿಕ್ಕುವ ಕೆಲಸದಲ್ಲಿ ಕಳ್ಳಾಟ ಆದರೆ ಹಪ್ಪಳವೇ.

ಉಪ್ಪಳದ ಅಕ್ಕ: ಅದರ ವಾಸನೆಗೆ ಏನೂ ಆಗುವುದಿಲ್ವಾ?

ಕುಂಬಳೆ ಪೇಂಟರ್: ಆಗುತ್ತದೆ ಅಕ್ಕ. ಬಟ್ಟೆಯ ಮಾಸ್ಕ್ ಏನೂ ಸಾಲದು. ಅದಕ್ಕಿಂತ ಅಪಾಯ ಹಳೆ ಕೋಟಿಂಗ್ ಎಬ್ಬಿಸುವ ಮೆಥಿಲೀನ್ ಕ್ಲೋರೈಡ್. ಅದರ ಆವಿ ಗಾಳಿಗಿಂತ ಭಾರ, ಟಬ್ಬಿನೊಳಗೇ ತುಂಬಿಕೊಳ್ಳುತ್ತದೆ. ಅಮೆರಿಕದಲ್ಲಿ 2000ರಿಂದ 2011ರೊಳಗೆ ಟಬ್ ಕೆಲಸದವರು 13 ಜನ ಹೀಗೆ ಸತ್ತಿದ್ದಾರೆ. ನಾನು ಅದನ್ನು ಮುಟ್ಟುವುದಿಲ್ಲ.

ಪೆರ್ಲದ ಮೇಷ್ಟ್ರು: ಸ್ವಲ್ಪ ತಡೆಯಿರಿ. ಟಬ್ ಸವೆದಿದೆಯಾ, ಸುಮ್ನೆ ಕಲೆಯಾ? ನಮ್ಮ ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಜಾಸ್ತಿ. ಕೈಗವಸು ಹಾಕಿ ಅಂಗೈಯಗಲಕ್ಕೆ ತುಕ್ಕಿನ ಕಲೆ ತೆಗೆಯುವ ಆಕ್ಸಾಲಿಕ್ ಆಸಿಡ್ ಹಚ್ಚಿ ನೋಡಿ. ಬ್ಲೀಚಿಂಗ್ ಪುಡಿ ಮಾತ್ರ ಬೇಡ, ತುಕ್ಕಿನ ಕಲೆ ಇನ್ನೂ ಗಟ್ಟಿಯಾಗುತ್ತದೆ.

ಬದಿಯಡ್ಕದವ: ಮೇಷ್ಟ್ರೇ, ಹಚ್ಚಿದೆ. ಅಂಗೈಯಗಲ ಗುಲಾಬಿ ಬಂತು! ನೀರು ಹೋಗುವ ತೂತಿನ ಸುತ್ತ ಮಾತ್ರ ಎನಾಮಲ್ ಹೋಗಿ ಕಬ್ಬಿಣ ಕಾಣುತ್ತದೆ. ಅಷ್ಟಕ್ಕೆ ಜನವರಿಯಲ್ಲಿ ಎಪಾಕ್ಸಿ ಹಾಕಿಸುತ್ತೇನೆ. ಮೇಸ್ತ್ರಿಗೆ ಬೇಡ ಅಂತ ಹೇಳಿಯಾಯ್ತು.

ಮುಳ್ಳೇರಿಯ ಮಾವ: ಮುಂದಿನ ಆಟಿ ಕಳೆದ ಮೇಲೆ ಫೋಟೋ ಹಾಕಿ. ಎದ್ದಿದ್ದರೂ ಹಾಕಿ.