ತೋಟದಲ್ಲಿ ಜಿಂಕೆ ಸತ್ತು ಬಿದ್ದಿದೆ: ಹುಲಿಯಾ, ಚಿರತೆಯಾ? ಬೇಗ ಹೇಳಿ

ಕಾಳುಮೆಣಸು
ನಮ್ಮದು ನರಸಿಂಹರಾಜಪುರದ ಹತ್ತಿರ, ಭದ್ರಾ ಕಾಡಿನ ಅಂಚಿನ ತೋಟ. ಬೆಳಿಗ್ಗೆ ಬೇಲಿ ಪಕ್ಕ ಹೆಣ್ಣು ಜಿಂಕೆ ಸತ್ತು ಬಿದ್ದಿತ್ತು. ಹಿಂಭಾಗ ತಿಂದಿದೆ. ಕೆಲಸದವರು ಹುಲಿ ಅಂತ ಹೆದರಿ ಕೆಳಗಿನ ತೋಟಕ್ಕೆ ಇಳಿಯೋದೇ ಇಲ್ಲ ಅಂತಿದ್ದಾರೆ. ಅಡಿಕೆ ಕೊನೆ ತೆಗೆಯೋ ಟೈಮು ಬೇರೆ. ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಟ್ಟುಹೋಗಿದೆ. ಹುಲಿಯಾ, ಚಿರತೆಯಾ, ಅಷ್ಟು ಹೇಳಿ ಸಾಕು.

ಹಾಸನ_ಟ್ರ್ಯಾಪ್‌ಕ್ಯಾಮ್
ಹಿಂಭಾಗದಿಂದ ಶುರು ಮಾಡಿದ್ದರೆ ಹುಲಿ. ಚಿರತೆ ಸಾಮಾನ್ಯವಾಗಿ ಹೊಟ್ಟೆ, ಪಕ್ಕೆ ಕಡೆಯಿಂದ ತಿನ್ನುತ್ತೆ. ಸಂಜೆ ವಾಪಸ್ ಬಂದೇ ಬರುತ್ತೆ, ಕ್ಯಾಮರಾ ಕಟ್ಟಿ.

ಸೀಗೆಮೆಳೆ
ಅಣ್ಣ, ಒಂದು ಸಾಲಿನಲ್ಲಿ ಹುಲಿ ಮಾಡಿಬಿಟ್ಟರೆ ಹೇಗೆ? ಕುತ್ತಿಗೆಯ ಫೋಟೊನೇ ಇಲ್ಲ. ಗಂಟಲಲ್ಲಿ ಕೋರೆಹಲ್ಲಿನ ತೂತು ಇದೆಯಾ? ಹೊಟ್ಟೆಯ ಹುಲ್ಲಿನ ಚೀಲ ಹೊರಗೆ ತೆಗೆದು ಹಾಕಿದೆಯಾ? ಎಳೆದುಕೊಂಡು ಹೋದ ಗುರುತು? ಬೆಳಿಗ್ಗೆ ನೋಡಿದಾಗ ಮಾಂಸ ಎಷ್ಟು ಉಳಿದಿತ್ತು?

ಕಾಳುಮೆಣಸು
ಕೆರೆ ಏರಿ ಮೇಲೆ ಹೆಜ್ಜೆ ಸಿಕ್ಕಿದೆ, ಅಂಗೈ ಅಗಲ. ಫೋಟೊ ಹಾಕಿದ್ದೇನೆ.

ಹಾಸನ_ಟ್ರ್ಯಾಪ್‌ಕ್ಯಾಮ್
ಇನ್ನೇನು ಬೇಕು? ಚಿರತೆ ಹೆಜ್ಜೆ ಇಷ್ಟು ಅಗಲ ಇರಲ್ಲ. ಹುಲಿಯೇ.

ಸೀಗೆಮೆಳೆ
ಕೆಸರಲ್ಲಿ ಕಾಲಿಟ್ಟರೆ ಬೆರಳು ಅಗಲಿಸಿ ಹೆಜ್ಜೆ ದೊಡ್ಡದಾಗುತ್ತೆ. ಅಳತೆಗೆ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಇಟ್ಟಿಲ್ಲ. ಅದು ಹುಲಿಯದೇ ಅಂತ ಇಟ್ಟುಕೊಳ್ಳಿ, ಏರಿ ಮೇಲೆ ಹುಲಿ ಹೋದ ಮಾತ್ರಕ್ಕೆ ಬೇಲಿ ಪಕ್ಕದ ಜಿಂಕೆಯನ್ನು ಅದೇ ಹೊಡೆಯಿತು ಅನ್ನೋಕೆ ಆಗಲ್ಲ.

ಮುತ್ತೋಡಿ_ಅಲೆಮಾರಿ
ಯಾರೂ ಕೆನ್ನಾಯಿ (ಕಾಡುನಾಯಿ) ಹೆಸರೇ ಎತ್ತುತ್ತಿಲ್ಲವಲ್ಲ! ಹಿಂದಿನಿಂದ, ಹೊಟ್ಟೆಯಿಂದ ಹರಿದು ತಿನ್ನೋದು ಅವೇ. 1970ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಜಾನ್‌ಸಿಂಗ್ ಬಂಡೀಪುರದಲ್ಲಿ ಕೆನ್ನಾಯಿ ಅಧ್ಯಯನ ಮಾಡಿದಾಗಲೂ ಅವುಗಳ ಮುಖ್ಯ ಆಹಾರ ಜಿಂಕೆಯೇ.

ಸೀಗೆಮೆಳೆ
ಗುಂಪು ಕೆನ್ನಾಯಿ ಹೊಡೆದಿದ್ದರೆ ಅಷ್ಟು ಹೊತ್ತಿಗೆ ತಲೆ, ಚರ್ಮ, ಮೂಳೆ ಬಿಟ್ಟು ಹೆಚ್ಚೇನೂ ಇರುತ್ತಿರಲಿಲ್ಲ. ಅದಕ್ಕೇ ಎಷ್ಟು ಉಳಿದಿತ್ತು ಅಂತ ಕೇಳಿದ್ದು.

ಕಾಳುಮೆಣಸು
ತೊಡೆ ಹತ್ತಿರ ಬಿಟ್ಟು ಬಾಕಿ ಪೂರ್ತಿ ಇತ್ತು. ಗಂಟಲು ನೋಡಿಲ್ಲ, ಆ ಮಗ್ಗುಲು ನೆಲಕ್ಕೆ ಒತ್ತಿದೆ.

ಗೋವೈದ್ಯೆ_ಕೊಪ್ಪ
ಎಲ್ಲಿ ತಿಂದಿದೆ ಅನ್ನೋದರಿಂದ ಯಾರು ತಿಂದರು ಅಂತ ಗೊತ್ತಾಗುತ್ತೆ, ಅದೂ ಪೂರ್ತಿ ಅಲ್ಲ. ಕೊಂದವರು ಯಾರು ಅಂತ ಚರ್ಮದ ಅಡಿಯಲ್ಲಿ ನೋಡಬೇಕು. ಜೀವ ಇದ್ದಾಗ ಕಚ್ಚಿದರೆ ರಕ್ತ ಮಾಂಸದೊಳಗೆ ಇಳಿದು ಕಪ್ಪುಗೆಂಪಾಗಿ ಹೆಪ್ಪುಗಟ್ಟುತ್ತೆ, ತೊಳೆದರೂ ಹೋಗಲ್ಲ. ಸತ್ತ ಮೇಲೆ ಕಚ್ಚಿದ ಜಾಗದಲ್ಲಿ ಮಾಂಸ ಬಿಳಿಚಿಕೊಂಡಿರುತ್ತೆ. ಗಂಟಲಲ್ಲಿ ಜೋಡಿ ತೂತು, ಕೆಳಗೆ ಹೆಪ್ಪು ಇದ್ದರೆ ದೊಡ್ಡ ಬೆಕ್ಕಿನ ಜಾತಿ. ತೂತುಗಳ ನಡುವೆ ಸುಮಾರು 4 ಸೆಂ.ಮೀ. ಇದ್ದರೆ ಚಿರತೆ, ಹುಲಿಯದಾದರೆ ಎದ್ದು ಕಾಣುವಷ್ಟು ಹೆಚ್ಚು.

ಮುತ್ತೋಡಿ_ಅಲೆಮಾರಿ
ಹಾಗಾದರೆ ಕತ್ತಿ ತಗೊಂಡು ಚರ್ಮ ಎತ್ತಿ ನೋಡಿ ಸಾರ್, ಐದು ನಿಮಿಷದ ಕೆಲಸ.

ಸೀಗೆಮೆಳೆ
ಬೇಡ! 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸತ್ತ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಕತ್ತಿ ಹಿಡಿದು ನಿಂತಿರೋ ಫೋಟೊ ಒಂದಿದ್ದರೆ ಬೇಟೆ ಕೇಸಿಗೆ ಸಿಕ್ಕಿಕೊಳ್ಳೋದು ಅವರು. ರೇಂಜ್ ಆಫೀಸಿಗೆ ತಿಳಿಸಿ, ಮಹಜರು ಆಗಲಿ.

ಮುತ್ತೋಡಿ_ಅಲೆಮಾರಿ
ಸುಮ್ಮನೆ ಹೆದರಿಸಬೇಡಿ. ಮಲೆನಾಡಲ್ಲಿ ಎಲ್ಲರೂ ನೋಡ್ತಾರೆ.

ಗೋವೈದ್ಯೆ_ಕೊಪ್ಪ
ಹೆದರಿಸೋದಲ್ಲ, ಅವರು ಹೇಳಿದ್ದು ಸರಿ. ಮರಣೋತ್ತರ ಪರೀಕ್ಷೆ ಇಲಾಖೆಯವರ ಎದುರಿಗೇ ಆಗಬೇಕು.

ಹಾಸನ_ಟ್ರ್ಯಾಪ್‌ಕ್ಯಾಮ್
ಇಷ್ಟೆಲ್ಲ ಯಾಕೆ, ಒಂದು ರಾತ್ರಿ ಕ್ಯಾಮರಾ ಇಟ್ಟರೆ ಮುಗೀತು. ಇನ್‌ಫ್ರಾರೆಡ್ ಫ್ಲ್ಯಾಶ್ 850 ನ್ಯಾನೋಮೀಟರ್‌ದು ತಗೋಬೇಡಿ, ಕೆಂಪು ಬೆಳಕು ಕಾಣುತ್ತೆ. ನನ್ನದು 940, ಏನೂ ಕಾಣಲ್ಲ. ಎದುರುಬದುರು ಎರಡು ಕಟ್ಟಿ ಹುಲಿಯ ಎರಡೂ ಮಗ್ಗುಲಿನ ಪಟ್ಟೆ ಒಂದೇ ರಾತ್ರಿ ಹಿಡಿದಿದ್ದೇನೆ. ಫೋಟೊ ಹಾಕಲಾ?

ದಾವಣಗೆರೆ_ಗೂಡು
940ರಲ್ಲಿ ದೂರದ್ದು ಮಬ್ಬು ಬರುತ್ತಲ್ಲ ಸಾರ್? ಬ್ಯಾಟರಿ ಯಾವುದು ಹಾಕ್ತೀರಿ?

ಹಾಸನ_ಟ್ರ್ಯಾಪ್‌ಕ್ಯಾಮ್
ಲಿಥಿಯಂ. ಬೇರೆ ಯಾವುದೂ ಮಳೆಗಾಲಕ್ಕೆ ನಿಲ್ಲಲ್ಲ.

ಸೀಗೆಮೆಳೆ
ಕ್ಯಾಮರಾ ಮಾತು ಬೇರೆ ಕಡೆ ಆಡಿಕೊಳ್ಳಿ. ಇವತ್ತು ರಾತ್ರಿ ಬರೋದು ತಿನ್ನೋಕೆ ಬಂದದ್ದು. ಹಂದಿ ಬರಬಹುದು, ನರಿ ಬರಬಹುದು. ಕೊಂದದ್ದು ಅದೇ ಅಂತ ಕ್ಯಾಮರಾ ಹೇಳಲ್ಲ.

ಕಾಳುಮೆಣಸು
ಗಾರ್ಡ್, ಡಾಕ್ಟರು ಬಂದು ಹೋದರು. ಗಂಟಲು ಕ್ಲೀನಾಗಿದೆ, ಒಂದು ತೂತೂ ಇಲ್ಲ. ಹಿಂಗಾಲುಗಳಲ್ಲಿ, ಮಂಡಿಯ ಮೇಲೆ ಕೆಳಗೆ ಸಣ್ಣ ಸಣ್ಣ ಕಚ್ಚುಗಾಯ, ಚರ್ಮ ಎತ್ತಿದರೆ ತೊಡೆಯಿಡೀ ಕಪ್ಪು ಹೆಪ್ಪು. ಒಂದು ಕಿವಿ ಹರಿದಿದೆ. ತಿಂದ ಭಾಗದ ಅಂಚಿನಲ್ಲಿ ಮಾತ್ರ ರಕ್ತವೇ ಇಳಿದಿಲ್ಲ. ಬೇಲಿ ತಂತಿಯಲ್ಲಿ ಜಿಂಕೆ ಕೂದಲು ಸಿಕ್ಕಿದೆ. ಪಕ್ಕದ ಮಣ್ಣು ಹಂದಿ ಕೆದರಿದ್ದು ಅಂದರು.

ಗೋವೈದ್ಯೆ_ಕೊಪ್ಪ
ಹಾಗಾದರೆ ಊರನಾಯಿಗಳು. ಓಡಿಸಿಕೊಂಡು ಬಂದು ಬೇಲಿಗೆ ಸಿಕ್ಕಿಸಿ ಹಿಂಗಾಲು ಹರಿದಿವೆ. ಕೊಂದು ಹಾಗೇ ಬಿಟ್ಟು ಹೋಗೋದು ಅವುಗಳ ಅಭ್ಯಾಸ, ಆಮೇಲೆ ಹಂದಿ ತಿಂದಿದೆ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ನಾಯಿಗಳ ಡಿಸ್ಟೆಂಪರ್ ರೋಗ ಕೆನ್ನಾಯಿ, ನರಿ, ಹುಲಿಗೂ ಹರಡುತ್ತೆ. ನಿಮ್ಮ ಕೆಲಸದವರ ಲೈನ್ ಮನೆ ನಾಯಿಗಳಿಗೆ ಲಸಿಕೆ ಆಗಿದೆಯಾ? ರಾತ್ರಿ ಕಟ್ಟಿ ಹಾಕ್ತಾರಾ?

ಹಾಸನ_ಟ್ರ್ಯಾಪ್‌ಕ್ಯಾಮ್
ಏರಿ ಮೇಲಿನ ಹೆಜ್ಜೆ ಹುಲಿಯದೇ, ಅಲ್ಲ ಅಂದರೆ ನಾನು ಒಪ್ಪಲ್ಲ.

ಕಾಳುಮೆಣಸು
ನಮ್ಮ ನಾಯಿಗೆ ರೇಬಿಸ್ ಚುಚ್ಚಿಸಿದ್ದೇವೆ, ಡಿಸ್ಟೆಂಪರ್‌ದು ಇಲ್ಲ. ಲೈನ್ ಮನೆಯವು ರಾತ್ರಿ ಬಿಟ್ಟೇ ಇರ್ತವೆ. ಲಸಿಕೆ ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಸಿಗುತ್ತಾ ಮೇಡಂ, ಹೊರಗಿಂದ ತರಿಸಬೇಕಾ?